ವೀಣೆ ಶೇಷಣ್ಣನವರ ಬಾಲ್ಯಶಿಕ್ಷಣ: ಒಂದು ಐತಿಹ್ಯದ ವಿಮರ್ಶೆ

ವೈಣಿಕ ಶಿಖಾಮಣಿ ಶೇಷಣ್ಣನವರ (1852–1926) ಜೀವನವನ್ನು ನಿರೂಪಿಸುವವರಲ್ಲಿ ಬಹುಮಂದಿ ಒಂದು ಐತಿಹ್ಯದಿಂದ ಆರಂಭಿಸುವುದುಂಟು. ಶಿವರಾತ್ರಿಯಂದು ಮುಮ್ಮಡಿ ಕೃಷ್ಣರಾಜ ಒಡೆಯರ ಸನ್ನಿಧಿಯಲ್ಲಿ ಪರಸ್ಥಳದ ವಿದ್ವಾಂಸರೊಬ್ಬರು ಕ್ಲಿಷ್ಟವಾದ ಪಲ್ಲವಿಯೊಂದನ್ನು ಹಾಡಿದರೆಂದೂ, ಆಸ್ಥಾನ ವಿದ್ವಾಂಸರು ಮೌನವಾಗಿರಲು ಬಾಲಕ ಶೇಷಣ್ಣನು ಅದನ್ನು ಯಥಾವತ್ತಾಗಿ ಹಾಡಿ ಅರಸರ ಮನ್ನಣೆಗೆ ಪಾತ್ರನಾದನೆಂದೂ ಅದರ ಸಾರ. ಇದನ್ನು ಪೂರ್ವಜನ್ಮದ ಸಂಸ್ಕಾರವೆಂದು ಕೊಂಡಾಡಿ ಮುಂದೆ ಸಾಗುವುದು ಸುಲಭ. ಇತಿಹಾಸದ ಅಭ್ಯಾಸಿಗಳಾದ ನಾವು ಅಷ್ಟಕ್ಕೇ ತೃಪ್ತರಾಗಲಾಗದು.

ಮೊದಲು ಆ ಸಭೆಯ ಸ್ವರೂಪವನ್ನು ಪರಿಶೀಲಿಸೋಣ. 1831ರಲ್ಲಿ ಮೈಸೂರಿನ ಆಡಳಿತವು ಬ್ರಿಟಿಷರ ವಶವಾಯಿತು. 1868ರಲ್ಲಿ ಮಹಾರಾಜರು ಕಾಲವಾಗುವವರೆಗೂ ಅದು ಅವರಿಗೆ ಮರಳಲಿಲ್ಲ. ರಾಜ್ಯಸೂತ್ರ ಕೈತಪ್ಪಿದ ಅರಸರಿಗೆ ವಿದ್ವತ್ಸಭೆಯೇ ರಾಜಗೌರವದ ಮುಖ್ಯ ಕ್ಷೇತ್ರವಾಗಿ ಉಳಿಯಿತು. ಅಲ್ಲಿ ಪರಸ್ಥಳದವರ ಪಲ್ಲವಿಗೆ ಉತ್ತರವಿಲ್ಲವೆಂದರೆ ಕುಂದುತ್ತಿದ್ದುದು ಸಂಸ್ಥಾನದ ಮಾನವೇ. ಪ್ರಸಂಗವು ಅಕ್ಷರಶಃ ನಡೆದಿರಲಿ, ಇಲ್ಲದಿರಲಿ, ಅದು ಜನಮನದಲ್ಲಿ ನೆಲೆನಿಂತುದಕ್ಕೆ ಇದು ಪ್ರಬಲ ಕಾರಣವೆಂದು ನಾವು ಭಾವಿಸುತ್ತೇವೆ.

ಇನ್ನೊಂದು ಅಂಶ ಇದಕ್ಕಿಂತಲೂ ಮುಖ್ಯ. ಕಥೆಯ ಪ್ರಚಲಿತ ರೂಪದಲ್ಲಿ ಬಾಲಕನು ಹಾಡಿದನೇ ಹೊರತು ವೀಣೆಯನ್ನು ನುಡಿಸಲಿಲ್ಲ. ಕಿವಿಯ ಸೂಕ್ಷ್ಮತೆಗೆ ಅದು ಸಾಕ್ಷಿಯಾದೀತು; ಬೆರಳುಗಳ ಶಿಕ್ಷಣದ ಬಗೆಗೆ ಅದು ಏನನ್ನೂ ಹೇಳದು. ಮೈಸೂರು ಬಾನಿಯ ಜೀವಾಳವಾದರೋ ಮೀಟಿನ ಸ್ಪಷ್ಟತೆ. ಅದು ಒಂದು ಸಂಜೆಯ ಪವಾಡದಿಂದ ಬರುವಂಥದಲ್ಲ. ಬಲ್ಲವರ ಎದುರು ದಿನದಿನವೂ ಕುಳಿತು, ಅವರ ಕೈಯನ್ನು ನೋಡಿ ಕಲಿಯಬೇಕಾದುದು. ಶೇಷಣ್ಣನವರಿಗೆ ಅಂತಹ ಮನೆ ದೊರೆತಿತ್ತು. ತಂದೆ ಬಕ್ಷಿ ಚಿಕ್ಕರಾಮಪ್ಪನವರು ಆಸ್ಥಾನ ವಿದ್ವಾಂಸರು. ಅವರ ತರುವಾಯ ವೀಣೆಯ ಪಾಠ ಮುಂದುವರಿದುದು ಅಕ್ಕ ವೆಂಕಮ್ಮನವರಲ್ಲಿ ಹಾಗೂ ದೊಡ್ಡ ಶೇಷಣ್ಣನವರಲ್ಲಿ. ಗಾಯನವು ಮೈಸೂರು ಸದಾಶಿವರಾಯರಲ್ಲಿ.

ಇಲ್ಲಿ ವೆಂಕಮ್ಮನವರ ಹೆಸರು ವಿಶೇಷವಾಗಿ ಗಮನಾರ್ಹ. ಶೇಷಣ್ಣನವರಿಂದ ವೆಂಕಟಗಿರಿಯಪ್ಪನವರಿಗೆ, ಅವರಿಂದ ದೊರೆಸ್ವಾಮಿ ಅಯ್ಯಂಗಾರ್ಯರಿಗೆ ಎಂದು ನಾವು ಗುರುಪರಂಪರೆಯನ್ನು ಎಣಿಸುತ್ತೇವೆ. ಆ ಪರಂಪರೆಯ ಮೂಲದಲ್ಲಿ ಒಬ್ಬ ಸ್ತ್ರೀಯ ಬೋಧನೆಯಿದ್ದರೂ ಚರಿತ್ರೆಗಳಲ್ಲಿ ಆಕೆಗೆ ಒಂದು ವಾಕ್ಯಕ್ಕಿಂತ ಹೆಚ್ಚಿನ ಸ್ಥಳ ದೊರೆಯುವುದು ವಿರಳ. ಅರಸರ ಮನ್ನಣೆಯು ಸಭೆಯಲ್ಲಿ ನಡೆದುದರಿಂದ ಕಥೆಯಾಯಿತು. ಅಕ್ಕನ ಪಾಠವು ಮನೆಯೊಳಗೆ ನಡೆದುದರಿಂದ ಮರೆಯಾಯಿತು.

ಬಾಲಕನ ಪ್ರತಿಭೆಯನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ಪ್ರತಿಭೆಯು ಬೀಜವಾದರೆ ಅದನ್ನು ಬೆಳೆಸಿದ ನೆಲವನ್ನೂ ಹೆಸರಿಸಬೇಕೆಂಬುದಷ್ಟೇ ನಮ್ಮ ವಾದ. ಕಲಾವಿದರ ಚರಿತ್ರೆಯನ್ನು ಓದುವ ವಿದ್ಯಾರ್ಥಿಗಳು, ಮನ್ನಿಸಿದವರು ಯಾರೆಂದು ಕೇಳುವುದಕ್ಕೆ ಮುನ್ನ, ಕಲಿಸಿದವರು ಯಾರೆಂದು ಕೇಳುವುದು ಯುಕ್ತ.