ಎಕ್ಸ್‌ಪೋರ್ಟ್ ಏಕೆ ನಿಲ್ಲುತ್ತದೆ? – ಪರಿಹಾರಗಳ ಪಟ್ಟಿಗೆ ಒಂದು ವಿಮರ್ಶೆ

ವಿಡಿಯೊ ಪಾಠ ತಯಾರಿಸುವುದು ನಮ್ಮ ಶಿಕ್ಷಕರಿಗೆ ಈಗ ಹೊಸ ಸಂಗತಿಯಲ್ಲ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಪ್ರಸಾರವಾದವು. ಅದೇ ಹೊತ್ತಿಗೆ ಅನೇಕ ಶಿಕ್ಷಕರು ತಾವೇ ಪಾಠಗಳನ್ನು ಚಿತ್ರೀಕರಿಸತೊಡಗಿದರು. ರಾಯಚೂರು ನಗರದ ಕಾಲೇಜಿರಲಿ, ದೇವದುರ್ಗ ಅಥವಾ ಮಾನ್ವಿ ತಾಲ್ಲೂಕಿನ ಹಳ್ಳಿ ಶಾಲೆಯಿರಲಿ, ಕೈಯಲ್ಲಿರುವ ಫೋನೇ ಕ್ಯಾಮೆರಾ, ಅದೇ ಸಂಪಾದನೆಯ ಕೊಠಡಿ. ದೃಶ್ಯಗಳನ್ನು ಕತ್ತರಿಸಿ, ಜೋಡಿಸಿ, ಧ್ವನಿ ಸೇರಿಸಿದ ಮೇಲೆ ಉಳಿಯುವುದು ‘ಎಕ್ಸ್‌ಪೋರ್ಟ್’ ಎಂಬ ಒಂದೇ ಗುಂಡಿ. ಎಷ್ಟೋ ಸಲ ಕೆಲಸ ಕೆಡುವುದು ಅಲ್ಲಿಯೇ.

ಆಗ ಸಿಗುವ ಸಲಹೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಫೋನನ್ನು ಆರಿಸಿ ಮತ್ತೆ ಹಚ್ಚಿ, ಬೇರೆ ಆ್ಯಪ್‌ಗಳನ್ನು ಮುಚ್ಚಿ, ಕ್ಯಾಷ್ ಅಳಿಸಿ, ರೆಸಲ್ಯೂಷನ್ ತಗ್ಗಿಸಿ, ಹೊಸ ಆವೃತ್ತಿ ಹಾಕಿಕೊಳ್ಳಿ, ಯಾವುದೂ ಆಗದಿದ್ದರೆ ಆ್ಯಪನ್ನೇ ತೆಗೆದು ಮತ್ತೆ ಸ್ಥಾಪಿಸಿ. ಈ ಪಟ್ಟಿಯಲ್ಲಿ ಪೂರ್ತಿ ಸುಳ್ಳೆನ್ನುವಂಥದ್ದು ಯಾವುದೂ ಇಲ್ಲ. ಆದರೆ ಯಾವ ಸಲಹೆಯ ಪಕ್ಕದಲ್ಲೂ ಕಾರಣ ಬರೆದಿರುವುದಿಲ್ಲ. ಪ್ರಯೋಗಾಲಯದಲ್ಲಿ ನಾವು ವಿದ್ಯಾರ್ಥಿಗಳಿಗೆ ‘ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿ’ ಎನ್ನುತ್ತೇವೆ. ಈ ಪಟ್ಟಿ ಒಮ್ಮೆಗೇ ಆರನ್ನು ಬದಲಿಸಿ ಎನ್ನುತ್ತದೆ. ಕೊನೆಗೆ ವಿಡಿಯೊ ಹೊರಬಂದರೂ ಏಕೆ ಬಂತೆಂಬುದು ತಿಳಿಯುವುದಿಲ್ಲ; ಮುಂದಿನ ವಾರ ಅದೇ ತೊಂದರೆ ಮತ್ತೆ ಎದುರಾಗುತ್ತದೆ.

ಎಕ್ಸ್‌ಪೋರ್ಟ್ ಎಂದರೆ ನಕಲು ಅಲ್ಲ

ಎಕ್ಸ್‌ಪೋರ್ಟ್ ಎಂದರೆ ಸಿದ್ಧ ವಿಡಿಯೊವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಇಡುವುದು ಎಂಬ ಭಾವನೆ ಸಾಮಾನ್ಯ. ನಿಜದಲ್ಲಿ ಆಗುವುದು ಬೇರೆ. ಸಂಪಾದನೆಯ ವೇಳೆ ಆ್ಯಪ್ ಬರೆದುಕೊಳ್ಳುವುದು ಸೂಚನೆಗಳನ್ನು ಮಾತ್ರ: ಈ ದೃಶ್ಯದ 12ನೇ ಸೆಕೆಂಡಿನಿಂದ 20ನೇ ಸೆಕೆಂಡಿನವರೆಗೆ ತೆಗೆದುಕೋ, ಮೇಲೆ ಈ ಶೀರ್ಷಿಕೆ ಹಾಕು, ಇತ್ಯಾದಿ. ಎಕ್ಸ್‌ಪೋರ್ಟ್ ಒತ್ತಿದಾಗ ಮೂಲ ಕಡತಗಳನ್ನು ಬಿಚ್ಚಿ, ಪ್ರತಿ ಫ್ರೇಮನ್ನೂ ಹೊಸದಾಗಿ ರಚಿಸಿ, ಮತ್ತೆ ಅಡಕಗೊಳಿಸಿ ಬರೆಯಬೇಕು.

ಈ ಕೆಲಸದ ಗಾತ್ರವನ್ನು ಲೆಕ್ಕ ಹಾಕೋಣ. 1920 × 1080 ಬಿಂದುಗಳ ಒಂದು ಫ್ರೇಮಿನಲ್ಲಿ ಪ್ರತಿ ಬಿಂದುವಿಗೆ 3 ಬೈಟ್ ಎಂದರೆ ಸುಮಾರು 62 ಲಕ್ಷ ಬೈಟ್. ಸೆಕೆಂಡಿಗೆ 30 ಫ್ರೇಮ್‌ಗಳಾದರೆ ಸುಮಾರು 18.7 ಕೋಟಿ ಬೈಟ್. 10 ನಿಮಿಷದ ಪಾಠಕ್ಕೆ ಸುಮಾರು 112 ಗಿಗಾಬೈಟ್! ಸೆಕೆಂಡಿಗೆ 8 ಮೆಗಾಬಿಟ್ ದರದಲ್ಲಿ ಹೊರಬರುವ ಕಡತವಾದರೋ 600 ಮೆಗಾಬೈಟ್ ಮಾತ್ರ. 2003ರಲ್ಲಿ ರೂಪುಗೊಂಡ ಎಚ್.264 ಮೊದಲಾದ ಮಾನದಂಡಗಳು ಒಂದು ಫ್ರೇಮಿಗೂ ಮುಂದಿನದಕ್ಕೂ ಇರುವ ಹೋಲಿಕೆಯನ್ನು ಬಳಸಿ ಹೀಗೆ ಸುಮಾರು 190 ಪಟ್ಟು ಕುಗ್ಗಿಸುತ್ತವೆ. ಇಷ್ಟು ಗಣನೆ ನಡೆಯುವಾಗ ಸ್ಮೃತಿ, ಶೇಖರಣೆ, ಉಷ್ಣ, ಮೂಲ ಕಡತದ ಲೋಪ – ಯಾವುದಾದರೂ ಅಡ್ಡ ಬರಬಹುದು.

ಎಲ್ಲಿ ನಿಂತಿತು?

ಹಾಗಾಗಿ ಮೊದಲು ಕೇಳಬೇಕಾದುದು ‘ಏನು ಮಾಡಲಿ?’ ಎಂದಲ್ಲ, ‘ಎಲ್ಲಿ ನಿಂತಿತು?’ ಎಂದು. ಎರಡು ಮೂರು ಸಲ ಪ್ರಯತ್ನಿಸಿ, ನಿಂತ ಸ್ಥಳವನ್ನು ಬರೆದಿಟ್ಟುಕೊಂಡರೆ ಕಾರಣ ಬಹುಮಟ್ಟಿಗೆ ತಾನೇ ಹೊರಬೀಳುತ್ತದೆ.

ಪ್ರತಿ ಸಲವೂ ಒಂದೇ ದೃಶ್ಯದಲ್ಲಿ ನಿಂತರೆ ಆ ದೃಶ್ಯದ ಕಡತದಲ್ಲೋ ಅಲ್ಲಿ ಹಾಕಿದ ಪರಿಣಾಮದಲ್ಲೋ ದೋಷವಿರಬಹುದು. ಆ ಒಂದು ತುಣುಕನ್ನು ತೆಗೆದು ನೋಡಿದರೆ ಸಾಕು.

ಪ್ರತಿ ಸಲವೂ ಒಂದೇ ಗಾತ್ರಕ್ಕೆ ನಿಂತರೆ ಶೇಖರಣೆಯನ್ನು ಶಂಕಿಸಬೇಕು. ಹಳೆಯ ಪೆನ್‌ಡ್ರೈವ್, ಮೆಮೊರಿ ಕಾರ್ಡ್‌ಗಳಲ್ಲಿ ಬಳಕೆಯಲ್ಲಿರುವ ಫ್ಯಾಟ್32 ವ್ಯವಸ್ಥೆಯಲ್ಲಿ ಒಂದು ಕಡತ 4 ಗಿಗಾಬೈಟ್ ಮೀರುವಂತಿಲ್ಲ. ಮೇಲಿನ ದರದಲ್ಲಿ ಅದು ಸುಮಾರು 71 ನಿಮಿಷ. ಎರಡು ಗಂಟೆಯ ವಾರ್ಷಿಕೋತ್ಸವದ ವಿಡಿಯೊ ಅಲ್ಲಿಗೇ ನಿಂತರೆ ಕಾರ್ಡಿನಲ್ಲಿ ಎಷ್ಟೇ ಜಾಗವಿದ್ದರೂ ಪ್ರಯೋಜನವಿಲ್ಲ, ಫೋನನ್ನು ಹತ್ತು ಸಲ ಆರಿಸಿ ಹಚ್ಚಿದರೂ ಪ್ರಯೋಜನವಿಲ್ಲ.

ದೃಶ್ಯವೂ ಬೇರೆ, ಗಾತ್ರವೂ ಬೇರೆ, ಆದರೆ ಕೆಲಸ ಆರಂಭಿಸಿದ ಇಷ್ಟು ನಿಮಿಷಕ್ಕೆ ನಿಲ್ಲುತ್ತದೆ ಎಂದಾದರೆ ಉಷ್ಣದ ಕಡೆ ನೋಡಬೇಕು. ರಾಯಚೂರಿನ ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುವುದು ನಮಗೆಲ್ಲ ಗೊತ್ತು. ನ್ಯೂಟನ್ನನ ಶೀತಲೀಕರಣ ನಿಯಮದ ಪ್ರಕಾರ, ವಸ್ತು ಉಷ್ಣವನ್ನು ಕಳೆದುಕೊಳ್ಳುವ ದರ ಅದಕ್ಕೂ ಸುತ್ತಲಿನ ಗಾಳಿಗೂ ಇರುವ ಉಷ್ಣತೆಯ ಅಂತರಕ್ಕೆ ಅನುಪಾತದಲ್ಲಿರುತ್ತದೆ. ಫೋನಿನ ಮೈ 45 ಡಿಗ್ರಿ ಇದೆ ಎನ್ನಿ. ಗಾಳಿ 25 ಡಿಗ್ರಿ ಇದ್ದರೆ ಅಂತರ 20. ಗಾಳಿ 40 ಆದರೆ ಅಂತರ 5 ಮಾತ್ರ. ಹೊರಹೋಗುವ ಉಷ್ಣ ಕಾಲುಭಾಗಕ್ಕೆ ಇಳಿಯಿತು. ಒಳಗಿನ ಸಂಸ್ಕಾರಕ ತನ್ನ ರಕ್ಷಣೆಗಾಗಿ ವೇಗ ತಗ್ಗಿಸುತ್ತದೆ, ಕೊನೆಗೆ ವ್ಯವಸ್ಥೆ ಆ್ಯಪನ್ನೇ ನಿಲ್ಲಿಸಬಹುದು. ಇದಕ್ಕೆ ಮದ್ದು ಬೆಳಗಿನ ತಂಪಿನಲ್ಲಿ, ಫೋನಿನ ಹೊದಿಕೆ ತೆಗೆದು, ಚಾರ್ಜರ್ ಬಿಡಿಸಿ ಎಕ್ಸ್‌ಪೋರ್ಟ್ ಮಾಡುವುದು. ರೆಸಲ್ಯೂಷನ್ 1080ರಿಂದ 720ಕ್ಕೆ ಇಳಿಸಿದರೂ ಬಿಂದುಗಳ ಸಂಖ್ಯೆ 2.25 ಪಟ್ಟು ಕಡಿಮೆಯಾಗುವುದರಿಂದ ಕೆಲಸ ಹಗುರಾಗುತ್ತದೆ. ಪಟ್ಟಿಯ ಸಲಹೆ ಕೆಲವೊಮ್ಮೆ ಫಲಿಸುವುದು ಹೀಗೆ. ಆದರೆ ಪಟ್ಟಿ ಇದನ್ನು ಹೇಳುವುದಿಲ್ಲ.

ನಿಲ್ಲದಿದ್ದರೂ ಕೆಡಬಹುದು

ಕಡತ ಪೂರ್ತಿ ಹೊರಬಂದರೂ ತುಟಿಗೂ ಮಾತಿಗೂ ಹೊಂದಾಣಿಕೆ ತಪ್ಪುವುದುಂಟು. ಫೋನಿನ ಕ್ಯಾಮೆರಾ ಸಾಮಾನ್ಯವಾಗಿ ಸ್ಥಿರ ದರದಲ್ಲಿ ಫ್ರೇಮ್ ಹಿಡಿಯುವುದಿಲ್ಲ. ತರಗತಿಯಲ್ಲಿ ಕರೆಂಟ್ ಹೋಗಿ ಬೆಳಕು ತಗ್ಗಿದರೆ ಪ್ರತಿ ಫ್ರೇಮಿಗೆ ಹೆಚ್ಚು ಸಮಯ ಬೇಕಾಗಿ ದರ ಇಳಿಯಬಹುದು. ಸರಾಸರಿ ದರ 29.7 ಇದ್ದುದನ್ನು ಸಂಪಾದನಾ ತಂತ್ರಾಂಶ 30 ಎಂದೇ ಎಣಿಸಿದರೆ 10 ನಿಮಿಷದ ಚಿತ್ರ 594 ಸೆಕೆಂಡಿಗೆ ಮುಗಿಯುತ್ತದೆ, ಧ್ವನಿ 600 ಸೆಕೆಂಡು ನಡೆಯುತ್ತದೆ. ಮೂಲ ವಿಡಿಯೊವನ್ನು ಹ್ಯಾಂಡ್‌ಬ್ರೇಕ್‌ನಂಥ ಮುಕ್ತ ತಂತ್ರಾಂಶದಲ್ಲಿ ಸ್ಥಿರ ದರಕ್ಕೆ ಪರಿವರ್ತಿಸಿ, ಆಮೇಲೆ ಸಂಪಾದನೆಗೆ ಕೂರುವುದೇ ಸರಿಯಾದ ಕ್ರಮ.

ಕನ್ನಡಿಗರಿಗೆ ಇನ್ನೊಂದು ತೊಂದರೆಯಿದೆ. ಯೂನಿಕೋಡ್‌ನಲ್ಲಿ ‘ರ್ಗ’ ಎಂಬುದು ರಕಾರ, ಹಲಂತ, ಗಕಾರ ಎಂಬ ಮೂರು ಸಂಕೇತಗಳ ಸಾಲು. ಅವನ್ನು ಕೂಡಿಸಿ ಅರ್ಕಾವತ್ತು ಮೂಡಿಸುವುದು ಅಕ್ಷರ ಜೋಡಣೆಯ ತಂತ್ರಾಂಶದ ಕೆಲಸ. ಆ ಸೌಲಭ್ಯ ಇಲ್ಲದೆಡೆ ‘ದೇವದುರ್ಗ’ವು ‘ದೇವದುರ್‌ಗ’ ಎಂದೂ ‘ಮಾನ್ವಿ’ಯು ‘ಮಾನ್‌ವಿ’ ಎಂದೂ ಒಡೆಯುತ್ತವೆ. ‘ರಾಯಚೂರು’ ಎಂದಷ್ಟೇ ಬರೆದು ನೋಡಿದವರಿಗೆ ಈ ದೋಷ ಕಾಣದು, ಏಕೆಂದರೆ ಅದರಲ್ಲಿ ಒತ್ತಕ್ಷರವೇ ಇಲ್ಲ. ದೋಷವನ್ನು ತೋರಿಸಬಲ್ಲ ಪದವನ್ನೇ ಪರೀಕ್ಷೆಗೆ ಆರಿಸಬೇಕು. ಅಕ್ಷರ ಒಡೆದರೆ ಶೀರ್ಷಿಕೆಯನ್ನು ಕನ್ನಡ ಸರಿಯಾಗಿ ಮೂಡುವ ಬೇರೆ ತಂತ್ರಾಂಶದಲ್ಲಿ ಬರೆದು, ಚಿತ್ರವಾಗಿ ಉಳಿಸಿ, ವಿಡಿಯೊದ ಮೇಲೆ ಇಡಬಹುದು. ಈ ತೊಂದರೆಗೂ ಪರಿಹಾರಗಳ ಪಟ್ಟಿಗೂ ಸಂಬಂಧವೇ ಇಲ್ಲ. ಒಡೆದ ಅಕ್ಷರಗಳ ಪಾಠವನ್ನು ಏಳನೆಯ ತರಗತಿಯ ಮಗು ಓದಿ ಕಲಿಯುತ್ತದೆ ಎಂಬುದನ್ನು ಮರೆಯಬಾರದು.

ಅಪಾಯದ ಸಲಹೆ

ಪಟ್ಟಿಯ ಕೊನೆಯ ಸಲಹೆಯನ್ನಂತೂ ಖಂಡಿಸಲೇಬೇಕು. ಕ್ಯಾಷ್ ಅಳಿಸಿದರೆ ಹೋಗುವುದು ತಾತ್ಕಾಲಿಕ ಕಡತಗಳು. ಆದರೆ ‘ಡೇಟಾ’ ಅಳಿಸಿದರೆ ಅಥವಾ ಆ್ಯಪನ್ನೇ ತೆಗೆದರೆ, ಅದರ ಒಳಜಾಗದಲ್ಲಿರುವ ಅರ್ಧಮುಗಿದ ಪ್ರಾಜೆಕ್ಟ್‌ಗಳೂ ಹೋಗುತ್ತವೆ. ವಿಜ್ಞಾನ ಪ್ರದರ್ಶನಕ್ಕಾಗಿ ವಿದ್ಯಾರ್ಥಿಗಳು ವಾರಗಟ್ಟಲೆ ಮಾಡಿದ ಕೆಲಸ ಒಂದು ಸಲಹೆಗೆ ಬಲಿಯಾಗಬಾರದು. ಪ್ರಾಜೆಕ್ಟ್ ಆ್ಯಪಿನ ಸೊತ್ತು, ಎಕ್ಸ್‌ಪೋರ್ಟ್ ಆದ ಕಡತ ಮಾತ್ರ ನಮ್ಮದು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ವಿಡಿಯೊ ಸಂಪಾದನೆಯ ವಿವಾವಿಡಿಯೊ ಕೂಡ ಇತ್ತು. ಎಂಪಿ4 ಕಡತವಾಗಿ ಹೊರತೆಗೆದಿಟ್ಟ ವಿಡಿಯೊಗಳಿಗೆ ಅಂಥ ನಿಷೇಧ ತಟ್ಟುವುದಿಲ್ಲ. ಆ್ಯಪಿನೊಳಗೇ ಉಳಿದ ಪ್ರಾಜೆಕ್ಟ್‌ನ ಬಗ್ಗೆ ಹಾಗೆ ಹೇಳಲಾಗದು.

ತಯಾರಕರ ಹೊಣೆಯೂ ಕಡಿಮೆಯೇನಲ್ಲ. ‘ಏನೋ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ’ ಎಂಬ ಸೂಚನೆ ಬಳಕೆದಾರನಿಗೆ ಏನನ್ನೂ ತಿಳಿಸುವುದಿಲ್ಲ. ಯಾವ ತುಣುಕು, ಎಷ್ಟನೇ ಸೆಕೆಂಡು, ಯಾವ ಹಂತ – ಬಿಚ್ಚುವಾಗಲೋ, ಅಡಕಗೊಳಿಸುವಾಗಲೋ, ಬರೆಯುವಾಗಲೋ – ಎಂಬಷ್ಟನ್ನು ಯಂತ್ರ ಹೇಳಬಲ್ಲದು. ಹೇಳುವಂತೆ ಕೇಳುವುದು ಬಳಕೆದಾರರ ಹಕ್ಕು.

ಶಿಕ್ಷಕ ಮಿತ್ರರು ಇದನ್ನು ತರಗತಿಯ ಚಟುವಟಿಕೆಯಾಗಿಯೂ ಮಾಡಿಸಬಹುದು. ನಿಂತ ಸಮಯ, ಕಡತದ ಗಾತ್ರ, ದೃಶ್ಯ, ಕೋಣೆಯ ಉಷ್ಣತೆ – ಈ ನಾಲ್ಕು ಕಲಮುಗಳ ಕೋಷ್ಟಕ ಬರೆಸಿ, ಕಾರಣವನ್ನು ವಿದ್ಯಾರ್ಥಿಗಳಿಂದಲೇ ಹೇಳಿಸಿ. ಹೊಸ ವಿಡಿಯೊ ಆರಂಭಿಸುವ ದಿನವೇ ಒತ್ತಕ್ಷರವಿರುವ ಒಂದು ಶೀರ್ಷಿಕೆ, ಸ್ವಲ್ಪ ಮಾತು, ಹತ್ತು ಸೆಕೆಂಡಿನ ದೃಶ್ಯ ಸೇರಿಸಿ ಒಮ್ಮೆ ಎಕ್ಸ್‌ಪೋರ್ಟ್ ಮಾಡಿ ನೋಡಿ. ಅದು ಸರಿಯಾಗಿ ಬಂದ ಮೇಲೆ ಉಳಿದ ಕೆಲಸಕ್ಕೆ ಕೈಹಾಕಿ.