ಲಾಭ ಬೆಳೆಯಿತು, ಕೆಲಸ ಎಲ್ಲಿ?

ಕಂಪೆನಿಗಳು ಲಾಭ ಗಳಿಸಿದರೆ ಉದ್ಯೋಗ ತಾನಾಗಿ ಹುಟ್ಟುತ್ತದೆ ಎಂಬ ವಾದ ಹಳೆಯದು. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರಕಾರ ಕಂಪೆನಿ ತೆರಿಗೆಯನ್ನು ಶೇ. 30ರಿಂದ 22ಕ್ಕೆ ಇಳಿಸಿದಾಗಲೂ ಹೂಡಿಕೆ ಮತ್ತು ಉದ್ಯೋಗದ ಹೆಸರನ್ನೇ ಹೇಳಲಾಗಿತ್ತು. ಈ ವಾದಕ್ಕೆ ಉತ್ತರ ಬಂದದ್ದು ಕಾರ್ಮಿಕ ಸಂಘದ ಕರಪತ್ರದಿಂದಲ್ಲ, ಸರಕಾರದ್ದೇ ದಾಖಲೆಯಿಂದ. 2024-25ರ ಆರ್ಥಿಕ ಸಮೀಕ್ಷೆಯ ಪ್ರಕಾರ, 2023-24ರಲ್ಲಿ ಕಂಪೆನಿಗಳ ಲಾಭ ಶೇ. 22.3 ಏರಿತು. ಉದ್ಯೋಗ ಏರಿದ್ದು ಬರೀ ಶೇ. 1.5.

ಇಷ್ಟನ್ನು ಒಪ್ಪಿಕೊಂಡ ಸಮೀಕ್ಷೆ ಮುಂದೆ ಏನು ಹೇಳಬೇಕಿತ್ತು? ವೇತನ ಹಿಂದುಳಿದರೆ ಬೇಡಿಕೆ ಕುಸಿಯುತ್ತದೆಂದು ಎಚ್ಚರಿಸುತ್ತದೆ, ಸರಿ. ಆದರೆ ಅದೇ ಪುಸ್ತಕ ಇನ್ನೊಂದು ಅಧ್ಯಾಯದಲ್ಲಿ, ಓವರ್‌ಟೈಮ್ ಮೇಲಿನ ಮಿತಿ ಕಾರ್ಮಿಕರ ಗಳಿಕೆಗೂ ಕಾರ್ಖಾನೆಗಳ ಬೆಳವಣಿಗೆಗೂ ಅಡ್ಡಿ ಎನ್ನುತ್ತದೆ. ವಾರಕ್ಕೆ 60 ಗಂಟೆ ಮೀರಿ ದುಡಿದರೆ ಆರೋಗ್ಯ ಕೆಡುತ್ತದೆಂಬ ಮಾತೂ ಅದರಲ್ಲೇ ಇದೆ! ಒಂದು ಅಧ್ಯಾಯ ಬರೆದವರು ಇನ್ನೊಂದನ್ನು ಓದಿದ್ದರೋ ಇಲ್ಲವೋ.

ನಮ್ಮ ರಾಜ್ಯದ ಲೆಕ್ಕವನ್ನೇ ನೋಡೋಣ. 2023ರಲ್ಲಿ ಕರ್ನಾಟಕ ವಿಧಾನಮಂಡಲ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ಮೂರು ತಿಂಗಳ ಓವರ್‌ಟೈಮ್ ಮಿತಿಯನ್ನು 75 ಗಂಟೆಯಿಂದ 145ಕ್ಕೆ ಏರಿಸಿತು. ವಾರಕ್ಕೆ 48 ಗಂಟೆಯಂತೆ ಒಬ್ಬ ಕಾರ್ಮಿಕ ಮೂರು ತಿಂಗಳಲ್ಲಿ ದುಡಿಯುವುದು ಸುಮಾರು 624 ಗಂಟೆ. ನೂರು ಜನರಿರುವ ಕಾರ್ಖಾನೆ ಹೊಸ ಮಿತಿಯನ್ನು ಪೂರ್ತಿ ಬಳಸಿದರೆ ಹೆಚ್ಚುವರಿ 14,500 ಗಂಟೆ, ಅಂದರೆ 23 ಜನರ ಕೆಲಸ. ಹಳೆಯ ಮಿತಿಯಲ್ಲಿ ಇದು 12 ಜನರದ್ದಾಗಿತ್ತು. ಎಲ್ಲ ಕಾರ್ಖಾನೆಗಳೂ ಮಿತಿಯವರೆಗೆ ದುಡಿಸುವುದಿಲ್ಲ ನಿಜ, ಆದರೆ ದಾರಿಯಂತೂ ತೆರೆದಿದೆ.

ಓವರ್‌ಟೈಮ್‌ಗೆ ದುಪ್ಪಟ್ಟು ಕೂಲಿ ಕೊಡಬೇಕಲ್ಲ, ಮಾಲೀಕರಿಗೆ ನಷ್ಟವಲ್ಲವೇ ಎಂದು ಕೇಳಬಹುದು. ಹೊಸಬರನ್ನು ಸೇರಿಸಿಕೊಂಡರೆ ತರಬೇತಿ, ರಜೆ, ಭವಿಷ್ಯನಿಧಿ, ಗ್ರಾಚ್ಯುಟಿ ಎಲ್ಲವೂ ಬರುತ್ತವೆ. ಓವರ್‌ಟೈಮ್ ಹಣ ಸಾಮಾನ್ಯವಾಗಿ ಭವಿಷ್ಯನಿಧಿಯ ಲೆಕ್ಕಕ್ಕೆ ಸೇರುವುದಿಲ್ಲ. ಆರ್ಡರ್ ಕಡಿಮೆಯಾದ ದಿನ ಓವರ್‌ಟೈಮ್ ನಿಲ್ಲಿಸಿದರಾಯಿತು, ಯಾರನ್ನೂ ಕೆಲಸದಿಂದ ತೆಗೆಯಬೇಕಿಲ್ಲ.

ಕಾರ್ಮಿಕರೇ ಓವರ್‌ಟೈಮ್ ಕೇಳುತ್ತಾರೆ ಎಂಬ ಮಾತು ಸುಳ್ಳಲ್ಲ. ಎಂಟು ಗಂಟೆಯ ಸಂಬಳದಲ್ಲಿ ಮನೆ ಬಾಡಿಗೆ, ಮಕ್ಕಳ ಫೀಸು ಹೊಂದಿಸಲಾಗದವರು ಕೇಳದೆ ಏನು ಮಾಡಿಯಾರು? ಆ ಸಂಬಳ ಯಾಕೆ ಸಾಲುತ್ತಿಲ್ಲ ಎಂಬುದನ್ನು ಚರ್ಚಿಸದೆ, ಅವರ ಕೋರಿಕೆಯನ್ನು ಸ್ವಾತಂತ್ರ್ಯವೆಂದು ಕರೆಯುವುದು ಅನ್ಯಾಯ.

2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ದುಪ್ಪಟ್ಟು ವೇತನ ಉಳಿದಿದೆ. ಓವರ್‌ಟೈಮ್ ಎಷ್ಟು ಗಂಟೆ ಎಂಬುದನ್ನು ಮಾತ್ರ ಸರಕಾರಗಳು ರೂಪಿಸುವ ನಿಯಮಗಳಿಗೆ ಬಿಡಲಾಗಿದೆ. ಆ ನಿಯಮಗಳ ಕರಡಿನ ಮೇಲೆ ಕಾರ್ಮಿಕ ಸಂಘಗಳ ಜೊತೆ ಕೆಲಸ ಹುಡುಕುತ್ತಿರುವ ಯುವಕರೂ ಕಣ್ಣಿಡಬೇಕು.