ಇಂಡಿಯ ಲಿಂಬೆ, ಕೊಸೈನ್ ಅಲೆ

ಇಂಡಿ ಸೀಮೆಯಿಂದ ಬೆಳಬೆಳಗ್ಗೆ ಹೊರಡುವ ಮೊಬೈಲ್ ಚಿತ್ರಗಳಲ್ಲಿ ಲಿಂಬೆಯದೇ ಮೇಲುಗೈ. ತಾಡಪತ್ರಿಯ ಮೇಲೆ ಸುರಿದ ರಾಶಿ, ಮುಂದೆ ಅಂಗೈಯಲ್ಲಿ ನಾಲ್ಕೈದು ಹಣ್ಣು, ಕೆಳಗೊಂದು ಸಾಲು: ‘ಕಾಕಾ, ಮಾಲ್ ನೋಡ್ರಿ, ಒಂದೂ ಕಲಿ ಇಲ್ಲ. ಧಾರಣಿ ಎಷ್ಟ್ ಹೇಳ್ರಿ.’ ಆ ಕಡೆಯ ಅಡತಿಯವರು ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ, ಸಿಪ್ಪೆಯ ಹೊಳಪು ನೋಡಿ, ಸಣ್ಣದೊಂದು ಚೌಕಾಸಿಯ ಮಾತಿನೊಂದಿಗೆ ಧಾರಣೆ ಹೇಳುತ್ತಾರೆ. ಕಣ್ಣಿಗೆ ಕಾಣದ ಲಿಂಬೆಯ ಮೇಲೆ ನಡೆಯುವ ಈ ವ್ಯಾಪಾರದ ನಡುವೆ ಬೆಂಗಳೂರಿನವರೊಬ್ಬರ ಗಣಿತ ಕೂತಿದೆ. ಆ ಗಣಿತವನ್ನು ಸ್ವಲ್ಪ ಹೊತ್ತು ಬಾಯಲ್ಲಿಟ್ಟುಕೊಂಡು ಚಪ್ಪರಿಸುವ ಆಸೆ ನನಗೆ.

ಫೋನಿನ ಕ್ಯಾಮೆರಾ 12 ಮೆಗಾಪಿಕ್ಸೆಲ್‌ನದು ಎನ್ನೋಣ. ಒಂದೊಂದು ಬಿಂದುವಿಗೂ ಕೆಂಪು, ಹಸಿರು, ನೀಲಿಯೆಂದು ಮೂರು ಬೈಟ್. ಒಟ್ಟು 3 ಕೋಟಿ 60 ಲಕ್ಷ ಬೈಟ್. ಇಷ್ಟನ್ನೂ ಹೊತ್ತುಕೊಂಡು ಹೋಗಬೇಕೆಂದರೆ ಹಳ್ಳಿಯ ಟವರ್ ಏದುಸಿರು ಬಿಡಬೇಕು. ವಾಟ್ಸ್ಆ್ಯಪ್‌ನಲ್ಲಿ ಆಚೆ ತಲುಪುವ ಹೊತ್ತಿಗೆ ಅದು ಕೆಲವೇ ಲಕ್ಷ ಬೈಟ್‌ಗೆ ಇಳಿದಿರುತ್ತದೆ. ಲಿಂಬೆ ಮಾತ್ರ ಲಿಂಬೆಯಾಗಿಯೇ ಇರುತ್ತದೆ. ಬಿಂದುಗಳ ಸಂಖ್ಯೆಯನ್ನೇ ಕಡಿಮೆ ಮಾಡುವುದು ಇದರಲ್ಲಿ ಒಂದು ಭಾಗ. ಅದರಲ್ಲಿ ಅಂಥ ಜಾಣತನವೇನಿಲ್ಲ. ಜಾಣತನವೆಲ್ಲ ಉಳಿದ ಭಾಗದಲ್ಲಿದೆ. ಬಣ್ಣದ ವಿವರವನ್ನು ಮೊದಲೇ ನಾಲ್ಕನೇ ಒಂದಕ್ಕೆ ಇಳಿಸಿಬಿಡುತ್ತಾರೆ, ಏಕೆಂದರೆ ಬೆಳಕು-ನೆರಳಿನ ಸೂಕ್ಷ್ಮ ಹಿಡಿಯುವ ನಮ್ಮ ಕಣ್ಣು ಬಣ್ಣದ ವಿಷಯದಲ್ಲಿ ಬಲು ಉದಾರಿ. ಆಮೇಲೆ ಚಿತ್ರವನ್ನು 8ಕ್ಕೆ 8ರ ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸುತ್ತಾರೆ. ಒಂದು ಚೌಕದಲ್ಲಿ 64 ಬಿಂದು.

ಲಿಂಬೆಯ ಮೈಮೇಲಿನ ಅಂಥದೊಂದು ಚೌಕ ತೆಗೆದುಕೊಳ್ಳಿ. ಎಡದಿಂದ ಬೆಳಕು ಬಿದ್ದಿದೆ, ಬಲಕ್ಕೆ ಹೋದಂತೆ ನೆರಳು. ಒಂದು ಸಾಲಿನ ಬೆಳಕಿನ ಅಳತೆ ಹೀಗಿದೆ: 181, 179, 177, 175, 173, 171, 169, 167. ಎಂಟು ಸಾಲೂ ಹೀಗೇ ಇವೆ ಎಂದುಕೊಳ್ಳೋಣ. ಈಗ ಈ ಚೌಕವನ್ನು ಬಿಂದುಗಳ ರಾಶಿ ಎಂದು ನೋಡದೆ ಅಲೆಗಳ ರಾಶಿ ಎಂದು ನೋಡಬೇಕು. 64 ಬಗೆಯ ಕೊಸೈನ್ ಅಲೆಗಳಿವೆ. ಮೊದಲನೆಯದು ಅಲೆಯೇ ಅಲ್ಲ, ಸಪಾಟು. ಎರಡನೆಯದರಲ್ಲಿ ಎಡದಿಂದ ಬಲಕ್ಕೆ ಒಂದೇ ಇಳಿಜಾರು. ಹೀಗೆ ಮುಂದಕ್ಕೆ ಹೋದಂತೆ ಅಲೆ ಕಿರಿದಾಗುತ್ತ, ಒತ್ತೊತ್ತಾಗುತ್ತ, ಕೊನೆಯ ಮೂಲೆಯಲ್ಲಿ ಚದುರಂಗದ ಹಾಸಿನಂತೆ ಕಪ್ಪು-ಬಿಳುಪು ಆಗುತ್ತದೆ. ರೂಢಿಯಂತೆ ಪ್ರತಿ ಅಳತೆಯಿಂದ ಮೊದಲು 128 ಕಳೆದು, ಯಾವ ಅಲೆ ಎಷ್ಟು ಬೇಕು ಎಂದು ಲೆಕ್ಕ ಹಾಕಿದರೆ ನಮ್ಮ ಚೌಕದಲ್ಲಿ ಸಪಾಟು ಅಲೆಗೆ 368, ಮೊದಲ ಇಳಿಜಾರಿಗೆ 36ಕ್ಕಿಂತ ತುಸು ಹೆಚ್ಚು, ಇನ್ನೊಂದಕ್ಕೆ 4ಕ್ಕಿಂತ ಕಡಿಮೆ, ಉಳಿದವಕ್ಕೆ ಸೊನ್ನೆ ಅಥವಾ ಸೊನ್ನೆಯ ನೆರೆಯ ಪುಡಿ. ಮೊರದಲ್ಲಿ ಜೋಳ ಕೇರಿದಾಗ ಕಾಳೆಲ್ಲ ಒಂದು ಬದಿಗೆ ಕೂಡಿ ಹೊಟ್ಟು ಇನ್ನೊಂದು ಬದಿಗೆ ಸರಿಯುವಂತೆ, ತೂಕದ ಸಂಖ್ಯೆಗಳೆಲ್ಲ ಮೇಲಿನ ಎಡ ಮೂಲೆಗೆ ಬಂದು ಸೇರುತ್ತವೆ.

ಇಲ್ಲಿಯವರೆಗೆ ಏನೂ ಕಳೆದಿಲ್ಲ. ಈ 64 ಸಂಖ್ಯೆಗಳಿಂದ ಮೊದಲಿನ 64 ಬಿಂದುಗಳನ್ನು ಇದ್ದದ್ದು ಇದ್ದ ಹಾಗೆ ಮರಳಿ ಪಡೆಯಬಹುದು. ಕಳೆಯುವುದು ಮುಂದಿನ ಹೆಜ್ಜೆಯಲ್ಲಿ. ಚಿತ್ರ ಕುಗ್ಗಿಸುವ 1992ರ ಜೆಪೆಗ್ ಮಾನದಂಡದಲ್ಲಿ ಭಾಗಾಕಾರದ ಒಂದು ಮಾದರಿ ಕೋಷ್ಟಕವಿದೆ. ಮೊದಲ ಸಂಖ್ಯೆಯನ್ನು 16ರಿಂದ, ಪಕ್ಕದ್ದನ್ನು 11ರಿಂದ, ಕೊನೆಯ ಮೂಲೆಯದನ್ನು 99ರಿಂದ ಭಾಗಿಸಿ, ಬಂದದ್ದನ್ನು ಹತ್ತಿರದ ಪೂರ್ಣಾಂಕಕ್ಕೆ ತರಬೇಕು. ನಮ್ಮ ಚೌಕದಲ್ಲಿ 368 ಹೋಗಿ 23 ಆಯಿತು, 36 ಹೋಗಿ 3 ಆಯಿತು. ಉಳಿದ 62 ಜಾಗವೂ ಸೊನ್ನೆ. 64 ಬಿಂದುಗಳ ಲಿಂಬೆಯ ಸಿಪ್ಪೆ ಈಗ ಎರಡು ಸಂಖ್ಯೆ: 23, 3. ಆಚೆ ಊರಿನ ಫೋನು ಈ ಎರಡನ್ನು ಹಿಡಿದು ತಿರುಗಿ ಲೆಕ್ಕ ಹಾಕಿದರೆ ಸಾಲು ಹೀಗೆ ಬರುತ್ತದೆ: 180, 179, 177, 175, 173, 171, 169, 168. ಎರಡು ತುದಿಯಲ್ಲಿ ಒಂದೊಂದು ಅಂಕಿಯ ವ್ಯತ್ಯಾಸ, ಅಷ್ಟೆ. ಕಾಗದ-ಪೆನ್ಸಿಲ್ ಹಿಡಿದು ಈ ಲೆಕ್ಕ ಮಾಡಿದವರಿಗೆ ಮಾತ್ರ ಅದರ ಸೊಗಸು ತಿಳಿಯುತ್ತದೆ. ಕೊನೆಯ ಸಾಲು ಬಿದ್ದಾಗ ನನಗಂತೂ ಬಂದಿಶ್ ಸಮ್‌ಗೆ ಬಂದು ಕೂತಷ್ಟೇ ಹಿತವಾಯಿತು.

ಇದರ ಹೆಸರು ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಚಿಕ್ಕದಾಗಿ ಡಿಸಿಟಿ. ಇದನ್ನು ಕೊಟ್ಟವರು ನಾಸಿರ್ ಅಹಮದ್. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಬಿಷಪ್ ಕಾಟನ್ ಶಾಲೆಯಲ್ಲಿ ಓದಿ, ಇಂದು ಯುವಿಸಿಇ ಎಂದು ಕರೆಯುವ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಿಂದ 1961ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ಹೋದವರು. 1972ರಲ್ಲಿ ಈ ವಿಚಾರಕ್ಕೆ ಹಣಕಾಸಿನ ನೆರವು ಕೇಳಿ ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಶನ್‌ಗೆ ಅರ್ಜಿ ಹಾಕಿದರು, ಸಿಗಲಿಲ್ಲ. ತೀರಾ ಸರಳವಾಯಿತು ಎನ್ನುವುದು ಪರಿಶೀಲಕರೊಬ್ಬರ ತಕರಾರು! ಸಂಬಳವಿಲ್ಲದ ಬೇಸಿಗೆಯಲ್ಲಿ ಕೂತು ಅವರು ಕೆಲಸ ಮುಂದುವರಿಸಿದರು. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಂದಿಗೆ ಬರೆದ ಪ್ರಬಂಧ 1974ರ ಜನವರಿಯಲ್ಲಿ ಅಚ್ಚಾಯಿತು. ನಾಲ್ಕೇ ಪುಟ. ಜೆಪೆಗ್, ಎಂಪೆಗ್, ವಿಡಿಯೊ ಕಾಲ್ ಎಲ್ಲವೂ ಆ ನಾಲ್ಕು ಪುಟದ ಮೇಲೆ ನಿಂತಿವೆ; ಎಂಪಿ3 ಹಾಡಿನೊಳಗೂ ಅದರ ಕವಲೊಂದು ಇದೆ. 2021ರಲ್ಲಿ ಅಮೆರಿಕದ ‘ದಿಸ್ ಈಸ್ ಅಸ್’ ಧಾರಾವಾಹಿಯ ಒಂದು ಕಂತಿನಲ್ಲಿ ಅವರ ಕಥೆ ಬಂತು. ನಮ್ಮಲ್ಲಿ ಅವರ ಹೆಸರು ಹೇಳಿದರೆ ಎಂಜಿನಿಯರಿಂಗ್ ಓದಿದವರೂ ಒಂದು ಕ್ಷಣ ಯೋಚಿಸುತ್ತಾರೆ.

ಸರಳ ಎಂದು ದೂರಿದ ಪರಿಶೀಲಕರ ಮಾತು ಸುಳ್ಳಲ್ಲ. ಆ ಸರಳತೆ ಎಲ್ಲಿದೆ ಎಂಬುದನ್ನು ಅವರು ನೋಡಲಿಲ್ಲ, ಅಷ್ಟೆ. ಅಲೆಗಳಾಗಿ ಒಡೆಯುವ ವಿದ್ಯೆ ಫೂರಿಯೆಯ ಕಾಲದಿಂದ ಇತ್ತು. ಆದರೆ ಆ ಹಳೆಯ ಕ್ರಮ ಚೌಕದ ಬಲ ಅಂಚು ಮುಗಿದ ಕೂಡಲೇ ಮತ್ತೆ ಎಡ ಅಂಚು ಶುರುವಾಗುತ್ತದೆ ಎಂದು ಭಾವಿಸುತ್ತದೆ. ನಮ್ಮ ಲಿಂಬೆಯಲ್ಲಿ ಹಾಗೆ ಮಾಡಿದರೆ 167ರ ಪಕ್ಕಕ್ಕೆ 181 ಬಂದು ಕೂರುತ್ತದೆ. ಇಲ್ಲದ ಒಂದು ಮೆಟ್ಟಿಲು ಹುಟ್ಟುತ್ತದೆ. ಆ ಮೆಟ್ಟಿಲನ್ನು ಕಟ್ಟಲು ಹಲವು ಕಿರಿ ಅಲೆಗಳನ್ನು ಸುಮ್ಮನೆ ತೆರಬೇಕಾಗುತ್ತದೆ. ಕೊಸೈನ್ ಕ್ರಮದಲ್ಲಿ ಅಂಚಿಗೊಂದು ಕನ್ನಡಿ ಇಟ್ಟಂತಾಗುತ್ತದೆ. 167ರ ಪಕ್ಕ ಮತ್ತೆ 167, ಆಮೇಲೆ 169, 171. ಮೆಟ್ಟಿಲೇ ಇಲ್ಲ. ಇಷ್ಟೇ ವ್ಯತ್ಯಾಸ. ಇಷ್ಟರಿಂದಲೇ ಕಾಳು-ಹೊಟ್ಟು ಅಷ್ಟು ಚೊಕ್ಕವಾಗಿ ಬೇರೆಯಾಗುತ್ತದೆ.

ಎಲ್ಲ ವಸ್ತುವೂ ಲಿಂಬೆಯಷ್ಟು ಸಲೀಸಲ್ಲ. ಸಿಂದಗಿ ಕಡೆಯ ಎರೆಹೊಲದಲ್ಲಿ ಹಾಲುಗಾಳಿನ ಬಿಳಿಜೋಳ ನಿಂತಿರುವಾಗ ತೆಗೆದ ಚಿತ್ರ ಡಿಸಿಟಿಗೆ ಕಷ್ಟದ ಊಟ: ಒಂದೊಂದು ತೆನೆಯೂ ಕಿರಿ ಅಲೆಯನ್ನೇ ಬೇಡುತ್ತದೆ, ಕಡತ ದಪ್ಪವಾಗುತ್ತದೆ. ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಲ್ಲಿ, ನೀಲಾಂಬಿಕೆಯ ಗುಡಿಯಿರುವ ಕೃಷ್ಣೆಯ ದಂಡೆಯಲ್ಲಿ ನಿಂತು ತೆಗೆದದ್ದಾದರೆ ಎರಡೂ ಒಂದೇ ಚೌಕಟ್ಟಿನಲ್ಲಿ ಸಿಗುತ್ತವೆ. ಮೇಲಿನ ಆಕಾಶ ಒಂದೊಂದು ಚೌಕಕ್ಕೆ ಒಂದೇ ಸಂಖ್ಯೆಯಲ್ಲಿ ಮುಗಿದುಹೋಗುತ್ತದೆ, ಕೆಳಗೆ ಬಿಸಿಲಿಗೆ ಮಿನುಗುವ ನೀರು ಬೈಟ್‌ಗಳನ್ನು ಕುಡಿಯುತ್ತಲೇ ಇರುತ್ತದೆ. ಚಿತ್ರದ ಯಾವ ಭಾಗ ಎಷ್ಟು ಸಂಕೀರ್ಣ ಎಂಬುದಕ್ಕೆ ಇದಕ್ಕಿಂತ ನಿಷ್ಪಕ್ಷಪಾತವಾದ ವಿಮರ್ಶಕ ಇಲ್ಲ.

ಡಿಸಿಟಿ ಸೋಲುವ ಜಾಗ ಒಂದಿದೆ, ಅದು ನಮ್ಮ ಅಕ್ಷರ. ಶ್ರಾವಣದಲ್ಲಿ ಬಸವನ ಬಾಗೇವಾಡಿ ಜಾತ್ರೆಯ ಆಮಂತ್ರಣ ಗುಂಪಿನಿಂದ ಗುಂಪಿಗೆ ಹಾರುತ್ತದೆ. ಒಬ್ಬರು ಅದನ್ನು ಪರದೆಯಿಂದಲೇ ಸೆರೆಹಿಡಿದು ಕಳಿಸಿದ್ದು, ಇನ್ನೊಬ್ಬರು ಅದರ ಮೇಲೆ ತಮ್ಮ ಫೋಟೊ ಅಂಟಿಸಿ ಮತ್ತೆ ಉಳಿಸಿದ್ದು, ಮೂರನೆಯವರು ಅದನ್ನು ಸ್ಟೇಟಸ್‌ಗೆ ಹಾಕಿದ್ದು. ಪ್ರತಿ ಸಲವೂ ಚೌಕ, ಭಾಗಾಕಾರ, ಪೂರ್ಣಾಂಕ. ‘ಬಸವಣ್ಣ’ ಎಂಬಲ್ಲಿ ಣ ಒತ್ತಿನ ಸುತ್ತ ಹಿಗ್ಗಿಸಿ ನೋಡಿ. ಬಿಳಿಯ ಹಿನ್ನೆಲೆಯ ಮೇಲೆ ಬೂದುಬಣ್ಣದ ಸಣ್ಣ ಸಣ್ಣ ಚುಕ್ಕೆಗಳು ಮುತ್ತಿರುತ್ತವೆ. ಎಂಜಿನಿಯರ್‌ಗಳು ಇದಕ್ಕೆ ಸೊಳ್ಳೆಯ ಹೆಸರನ್ನೇ ಇಟ್ಟಿದ್ದಾರೆ: ಮಸ್ಕಿಟೊ ನಾಯ್ಸ್. ಕಪ್ಪಿನಿಂದ ಬಿಳುಪಿಗೆ ಒಮ್ಮೆಲೇ ಜಿಗಿಯುವ ಅಂಚನ್ನು ಮೆತ್ತಗಿನ ಅಲೆಗಳಿಂದ ಕಟ್ಟಬೇಕಾದರೆ ಕಿರಿ ಅಲೆಗಳೆಲ್ಲ ಬೇಕು. ಭಾಗಾಕಾರ ಅವನ್ನೇ ಮೊದಲು ಕೊಂದಿರುತ್ತದೆ. ಉಳಿದ ಅಲೆಗಳು ಅಂಚಿನ ಆಚೀಚೆ ತೂಗಾಡುತ್ತವೆ. ಕನ್ನಡದಲ್ಲಿ ಈ ಕಾಟ ಇನ್ನೂ ಹೆಚ್ಚು. ತಲೆಕಟ್ಟು, ಕೊಂಬು, ಒತ್ತು, ಸುಳಿ ಎಲ್ಲ ಸೇರಿ 8 ಬಿಂದುವಿನ ಒಂದು ಚೌಕದೊಳಗೇ ನಾಲ್ಕಾರು ಅಂಚು ಬಂದುಬಿಡುತ್ತವೆ.

ಅದೇ ಹೆಸರನ್ನು ಟೈಪ್ ಮಾಡಿ ಕಳಿಸಿದರೆ ಸೊಳ್ಳೆ ಹತ್ತಿರ ಸುಳಿಯುವುದಿಲ್ಲ. ಇನ್ನೊಂದು ಹೆಸರು ತೆಗೆದುಕೊಳ್ಳಿ. ಸಿಂದಗಿ ತಾಲ್ಲೂಕಿನಲ್ಲಿ 1938ರಲ್ಲಿ ಹುಟ್ಟಿ, ಶಾಸನ-ವಚನಗಳ ಒಂದೊಂದು ಅಕ್ಷರಕ್ಕೂ ಆಯುಷ್ಯ ಸವೆಸಿದ ವಿದ್ವಾಂಸರ ಹೆಸರು ‘ಕಲಬುರ್ಗಿ’. ಇದು ಯುನಿಕೋಡಿನಲ್ಲಿ ಎಂಟು ಸಂಕೇತ: ಕ, ಲ, ಬ, ಉಕಾರದ ಕೊಂಬು, ರ, ಹಲಂತ, ಗ, ಗುಡಿಸು. ಒಂದಕ್ಕೆ ಮೂರು ಬೈಟ್‌ನಂತೆ 24 ಬೈಟ್. ಅಲ್ಲಿ ಚಿತ್ರವೇ ಇಲ್ಲ. ಆಚೆಯ ಫೋನು ತನ್ನಲ್ಲಿರುವ ಫಾಂಟಿನ ವಕ್ರರೇಖೆಗಳಿಂದ ಅಕ್ಷರವನ್ನು ಹೊಸದಾಗಿ ಬರೆಯುತ್ತದೆ, ಎಷ್ಟು ಹಿಗ್ಗಿಸಿದರೂ ಅಂಚು ಚೂಪು. ನಿಧಾನವಾಗಿ ಟೈಪ್ ಮಾಡಿ ನೋಡಿದರೆ ಇನ್ನೊಂದು ಚೆಂದ ಸಿಗುತ್ತದೆ. ‘ಕಲಬುರ್’ ಎಂಬಲ್ಲಿಯವರೆಗೆ ರ್ ತನ್ನ ಜಾಗದಲ್ಲೇ ಇರುತ್ತದೆ. ಗ ಬಂದ ಕೂಡಲೇ ರ್ ಅಲ್ಲಿಂದ ಮಾಯವಾಗಿ ಗ-ದ ಬೆನ್ನ ಹಿಂದೆ ಅರ್ಕಾವತ್ತಾಗಿ ಪ್ರತ್ಯಕ್ಷ. ನೆನಪಿನಲ್ಲಿ ಉಚ್ಚಾರದ ಕ್ರಮ, ಪರದೆಯಲ್ಲಿ ಬರವಣಿಗೆಯ ಕ್ರಮ, ಎರಡಕ್ಕೂ ಭಂಗವಿಲ್ಲ. ಹೀಗಿರುವಾಗ ನಾಲ್ಕು ಸಾಲಿನ ಶ್ರದ್ಧಾಂಜಲಿಯನ್ನೂ ಹೂವಿನ ಚೌಕಟ್ಟಿನ ಚಿತ್ರವಾಗಿಯೇ ಕಳಿಸುವ ನಮ್ಮ ಚಟ ನನಗೆ ಅರ್ಥವಾಗುವುದಿಲ್ಲ.

ಇನ್ನು ಬೀಗದ ಮಾತು. ಗಾಳಿಯಲ್ಲಿ ಹಾರುವ ಸಂದೇಶವನ್ನು ಯಾರು ಬೇಕಾದರೂ ಹಿಡಿಯಬಹುದಾದ್ದರಿಂದ ಅದನ್ನು ಗೂಢಲಿಪಿಗೆ ತಿರುಗಿಸಬೇಕು. ಇದರಲ್ಲಿ ಕ್ರಮ ಮುಖ್ಯ: ಮೊದಲು ಕುಗ್ಗಿಸಬೇಕು, ಆಮೇಲೆ ಬೀಗ ಹಾಕಬೇಕು. ಬೀಗ ಬಿದ್ದ ದತ್ತಾಂಶ ಶುದ್ಧ ಗೊಂದಲದಂತೆ ಕಾಣುತ್ತದೆ, ಕೇರಿದರೆ ಬೇರೆಯಾಗಲು ಅದರಲ್ಲಿ ಕಾಳೂ ಇಲ್ಲ, ಹೊಟ್ಟೂ ಇಲ್ಲ. ಎಇಎಸ್ ಎಂಬ ಬೀಗ 16 ಬೈಟ್‌ಗಳ ಕಂತಿನಲ್ಲಿ ಕೆಲಸ ಮಾಡುತ್ತದೆ. ಕುಗ್ಗಿಸದ ಚಿತ್ರದ ಒಂದೊಂದು ಕಂತಿಗೂ ಅದೇ ಕೀಲಿಯನ್ನು ಬೇರೆ ಬೇರೆಯಾಗಿ ಹಾಕುತ್ತ ಹೋದರೆ ಒಂದೇ ಥರದ ಕಂತು ಒಂದೇ ಥರದ ಗೂಢಲಿಪಿಯಾಗುತ್ತದೆ. ಬಿಳಿಗೋಡೆಯ ಮುಂದೆ ಇಟ್ಟ ಲಿಂಬೆಯ ಗುಂಡು ಆಕಾರ ಬೀಗದ ಒಳಗಿನಿಂದಲೇ ಇಣುಕುತ್ತದೆ. ಪಾಠಗಳಲ್ಲಿ ಇದನ್ನು ಪೆಂಗ್ವಿನ್ ಚಿತ್ರದಿಂದ ತೋರಿಸುತ್ತಾರೆ. ಅದಕ್ಕೇ ಈಗಿನ ವಿಧಾನಗಳು ಪ್ರತಿ ಕಂತಿಗೂ ಒಂದು ಬದಲಾಗುವ ಎಣಿಕೆಯನ್ನೋ ಹಿಂದಿನ ಕಂತಿನ ಎಳೆಯನ್ನೋ ಬೆರೆಸುತ್ತವೆ.

ಹೊಸ ವಿಡಿಯೊ ಮಾನದಂಡಗಳಲ್ಲಿ ಚೌಕ 8ಕ್ಕೆ ನಿಂತಿಲ್ಲ. ಎಚ್265ರಲ್ಲಿ 32ಕ್ಕೆ 32, ಎವಿ1ರಲ್ಲಿ 64ಕ್ಕೆ 64ರವರೆಗೂ ಹಿಗ್ಗುತ್ತದೆ, ತಂಗಡಗಿಯ ಆಕಾಶಕ್ಕೆ ಹೇಳಿಮಾಡಿಸಿದ ಅಳತೆ. ಇವೇ ಮಾನದಂಡಗಳಲ್ಲಿ ಇನ್ನೊಂದು ಸಣ್ಣ ಏರ್ಪಾಡೂ ಇದೆ. ಪರದೆಯ ಮೇಲಿನ ಬರಹದಂತೆ ಚೂಪು ಅಂಚಿನ ಚೌಕ ಎದುರಾದರೆ ಅಲೆಗಳ ಲೆಕ್ಕವನ್ನೇ ಬಿಟ್ಟು ಬಿಂದುಗಳನ್ನು ನೇರವಾಗಿ ಕಳಿಸಲು ಅನುಮತಿ ಇದೆ. ಐವತ್ತು ವರ್ಷ ಲೋಕದ ಚಿತ್ರಗಳನ್ನೆಲ್ಲ ಹೊತ್ತ ಕೊಸೈನ್, ಣ ಒತ್ತು ಬಂದಾಗ ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ.